ಪೊಟ್ಟಣದಲ್ಲಿ ಬಂದ ಅಣೆಕಟ್ಟು

ನಮ್ಮ ಅಪ್ಪಯ್ಯ ಹೊಸ ಪೇಪರನ್ನು ಮುಟ್ಟುತ್ತಿರಲಿಲ್ಲ. ಹೊಸನಗರದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಯಾರಾದರೂ ಅವತ್ತಿನ ಪೇಪರ್ ಮುಂದೆ ಚಾಚಿದರೆ, "ಇದು ಇನ್ನೂ ಹಣ್ಣಾಗ್ಲಿಲ್ಲ ಮಾರಾಯ್ರೇ, ನೀವೇ ಇಟ್ಕೊಳ್ಳಿ" ಅನ್ನುತ್ತಿದ್ದರು. ಅವರಿಗೆ ಬೇಕಾದದ್ದು ಅಂಗಡಿ ಸಾಮಾನು ಕಟ್ಟಿಕೊಂಡು ಬಂದ ಪೇಪರ್. ಬೇಳೆಯ ಪೊಟ್ಟಣ ಬಿಚ್ಚಿ, ಬೇಳೆಯನ್ನು ಅಮ್ಮನ ಡಬ್ಬಕ್ಕೆ ಸುರಿದು, ಪೇಪರನ್ನು ತೊಡೆಯ ಮೇಲೆ ಹಾಸಿ, ಅಂಗೈಯಲ್ಲಿ ತೀಡಿ ತೀಡಿ ಸುಕ್ಕು ಬಿಡಿಸಿ, ಕಣ್ಣಿನಿಂದ ಆದಷ್ಟು ದೂರ ಹಿಡಿದು ಓದುತ್ತಿದ್ದರು. ಅದು ಮೂರು ತಿಂಗಳ ಹಿಂದಿನದೋ ಹೋದ ವರ್ಷದ್ದೋ, ತಾರೀಖು ಇದ್ದ ಕಡೆ ಹರಿದು ಹೋಗಿರುತ್ತಿತ್ತು. ಓದಿ ಮುಗಿಸಿ ನಮ್ಮ ಕಡೆ ತಿರುಗಿ ಒಂದೇ ಮಾತು ಕೇಳುತ್ತಿದ್ದರು: "ಇದ್ರಿಂದ ನಮಗೆ ಎಂತ ಆಗ್ತದೆ?"

ನಗಬೇಡಿ. ನಾವು ಮುಳುಗಡೆಯವರು. ಸಾಗರದ ಕಡೆ ಶರಾವತಿ ದಂಡೆಯಲ್ಲಿದ್ದ ನಮ್ಮ ಹಳ್ಳಿ ಹಿನ್ನೀರಿನಲ್ಲಿ ಹೋಗುವಾಗ ನಾನು ಅಮ್ಮನ ಸೊಂಟದ ಮೇಲಿದ್ದೆನಂತೆ. ಆ ಸುದ್ದಿ ನಮ್ಮ ಮನೆಗೆ ಮೊದಲು ಬಂದದ್ದು ಬೆಲ್ಲದ ಜೊತೆ. ಅಪ್ಪಯ್ಯ ಸಂತೆಯಿಂದ ತಂದ ಬೆಲ್ಲದಚ್ಚಿಗೆ ಸುತ್ತಿದ್ದ ಪೇಪರಿನಲ್ಲಿ ಅಣೆಕಟ್ಟಿನ ವಿಷಯ ದಪ್ಪ ಅಕ್ಷರದಲ್ಲಿತ್ತು. ಕೆಳಗೆ, ಜನ ಆತಂಕಪಡಬೇಕಾಗಿಲ್ಲ ಎಂದು ಯಾರೋ ದೊಡ್ಡವರು ಹೇಳಿದ್ದರು. ಊರ ಅರಳಿಕಟ್ಟೆಯ ಮೇಲೆ ಅದನ್ನು ಗಟ್ಟಿಯಾಗಿ ಓದಿ ಎಲ್ಲರೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರಂತೆ. ಅಷ್ಟು ನೀರು ಎಲ್ಲಿಂದ ತರ್ತಾರೆ, ಕೊಡಪಾನದಲ್ಲಿ ಹೊರ್ತಾರಾ ಅಂತ. ಅಪ್ಪಯ್ಯ ನಕ್ಕಿದ್ದಷ್ಟೇ ಅಲ್ಲ, ಹೊಸದಾಗಿ ಮದುವೆಯಾಗಿ ಬಂದಿದ್ದ ಅಮ್ಮನಿಗೆ ನೀರು ದೂರವಾಗುತ್ತದೆ ಅಂತ ಅಂಗಳದಲ್ಲಿ ಬಾವಿ ತೋಡಿಸಲು ಹೊರಟರು. ಬಾವಿ ಮುಗಿಯುವಷ್ಟರಲ್ಲಿ ಸರ್ವೆಯವರು ಬಂದು ಹೋಗಿ ಆಗಿತ್ತು. ಪರಿಹಾರಕ್ಕೆಂದು ಅವರು ಬರೆದುಕೊಂಡದ್ದರಲ್ಲಿ ಮನೆ ಇತ್ತು, ಕೊಟ್ಟಿಗೆ ಇತ್ತು, ಹಲಸಿನ ಮರವೂ ಇತ್ತು, ಬಾವಿ ಇರಲಿಲ್ಲ. ಎರಡು ಬೇಸಿಗೆ ಅದರ ನೀರು ಕುಡಿದರು. ಆಮೇಲೆ ಊರಿಗೆ ಊರೇ ಎದ್ದು ಲಾರಿ ಹತ್ತಿತು. ನಮ್ಮನ್ನು ಹೊಸನಗರದ ಆಚೆ ಒಂದು ಗುಡ್ಡದ ಬುಡದಲ್ಲಿ ಇಳಿಸಿದರು.

ಹೊಸ ಜಾಗದಲ್ಲಿ ಎಲ್ಲ ಇತ್ತು, ನೀರೊಂದು ಇರಲಿಲ್ಲ. ಅಮ್ಮ ಇಳಿಜಾರು ಇಳಿದು ಹಳ್ಳಕ್ಕೆ ಹೋಗಿ, ತಲೆಯ ಮೇಲೊಂದು ಸೊಂಟದ ಮೇಲೊಂದು ಕೊಡಪಾನ ಹೊತ್ತು ಹತ್ತಿ ಬರಬೇಕು. ಬೇಸಿಗೆಯಲ್ಲಿ ಹಳ್ಳ ಬತ್ತಿದರೆ ಮರಳಲ್ಲಿ ಗುಂಡಿ ತೋಡಿ, ನೀರು ಜಿನುಗುವುದನ್ನು ಕಾಯುತ್ತ ಕೂರಬೇಕು. ಒಂದು ಬಾವಿ ತೋಡಿಸಿ ಎಂದು ಅಮ್ಮ ಕೇಳದ ವರ್ಷವಿಲ್ಲ. ಅಪ್ಪಯ್ಯನ ಉತ್ತರವೂ ಬದಲಾದ ವರ್ಷವಿಲ್ಲ. "ಮುಳುಗೋ ಜಾಗಕ್ಕೆ ಬಾವಿ ಎಂತಕೆ?"

"ನೀರಲ್ಲಿ ಮುಳುಗ್ತೀವಿ ಅಂತ ಹೆದ್ರಿಕೊಂಡು ನೀರಿಲ್ದೆ ಸಾಯ್ಬೇಕಾ ನಾವು?" ಅಂತ ಅಮ್ಮ ಕೂಗಾಡುತ್ತಿದ್ದಳು. ಅವಳ ಸೊಂಟ ಆಗಲೇ ಒಂದು ಕಡೆಗೆ ವಾಲಿತ್ತು. ನನಗೆ ಅಪ್ಪಯ್ಯನ ಮೇಲೆ ಉರಿದು ಹೋಗುತ್ತಿತ್ತು, ಆದರೆ ಅವರು ಓದುವ ಹೊತ್ತಿಗೆ ಪಕ್ಕದಲ್ಲಿ ಕೂರುವ ಚಟವನ್ನೂ ಬಿಡಲಾಗುತ್ತಿರಲಿಲ್ಲ. ಅಂಥ ಮಜಾ ಬೇರೆ ಎಲ್ಲಿ ಸಿಗಬೇಕು?

ಪೇಪರಿನವರು ಒಂದು ಹೇಳಿದರೆ ಅಪ್ಪಯ್ಯನಿಗೆ ಅದರ ಹಿಂದೆ ಇನ್ನೊಂದು ಕಾಣುತ್ತಿತ್ತು. "ಪರಿಶೀಲನೆಯಲ್ಲಿದೆ" ಅಂದರೆ ಎಲ್ಲ ಮುಗಿದಿದೆ, ನಮಗೆ ಹೇಳುವುದೊಂದು ಬಾಕಿ. "ವದಂತಿಗೆ ಕಿವಿಗೊಡಬೇಡಿ" ಅಂದರೆ ವದಂತಿ ನಿಜ. "ಆತಂಕ ಬೇಡ" ಎಂಬ ಮಾತು ಕಂಡರಂತೂ ಮುಗಿಯಿತು, ಆ ದಿನ ಊಟ ಸೇರುತ್ತಿರಲಿಲ್ಲ. ಒಮ್ಮೆ ಸಕ್ಕರೆ ಅಭಾವ ಇಲ್ಲ, ಆತಂಕ ಬೇಡ ಎಂದು ಸಾಸಿವೆಯ ಪೊಟ್ಟಣದ ಮೇಲಿತ್ತು. ಮರುದಿನವೇ ಅಪ್ಪಯ್ಯ ಹೊಸನಗರಕ್ಕೆ ಹೋಗಿ, ಹೊರಲಾರದಷ್ಟು ಬೆಲ್ಲ ಹೊತ್ತು ತಂದರು. ಇರುವೆಗಳಿಗೆ ಯಾರು ಸುದ್ದಿ ಕೊಟ್ಟರೋ, ಗುಡ್ಡದ ಇರುವೆಯೆಲ್ಲ ನಮ್ಮ ಮನೆಗೆ ಬಂತು. ಸಕ್ಕರೆ ಅಂಗಡಿಯಲ್ಲಿ ಎಂದಿನ ಹಾಗೆ ಸಿಗುತ್ತಲೇ ಇತ್ತು. "ಈಗ ಸಿಗ್ತದೆ," ಅಂದರು ಅಪ್ಪಯ್ಯ, ಕಾಲಿನಿಂದ ಇರುವೆ ಕೊಡವುತ್ತ. "ಈಗ ಸಿಗೋದೇ ನನಗೆ ಅನುಮಾನ."

ಇನ್ನೊಮ್ಮೆ ಮಂಗಗಳ ರಫ್ತು ನಿಲ್ಲಿಸಿದ ಸುದ್ದಿ ಬಂತು. ನಮ್ಮ ದೇಶದ ಮಂಗಗಳನ್ನು ಹೊರದೇಶಕ್ಕೆ ಕಳಿಸುತ್ತಿದ್ದರಂತೆ, ಇನ್ನು ಕಳಿಸುವುದಿಲ್ಲವಂತೆ. ನಮಗೆ ಮಂಗ ಹೊರದೇಶಕ್ಕೆ ಹೋಗುತ್ತಿತ್ತು ಎಂಬುದೇ ಸೋಜಿಗ. ಅಪ್ಪಯ್ಯನ ಹುಬ್ಬು ಮಾತ್ರ ಗಂಟಾಯಿತು.

"ಹೊರಟು ನಿಂತಿದ್ವಲ್ಲ, ಅವು ಈಗ ಎಲ್ಲಿಗೆ ಹೋಗ್ಬೇಕು?"

"ತಮ್ಮ ತಮ್ಮ ಊರಿಗೆ ಹೋಗ್ತಾವೆ ಬಿಡಿ," ಅಂದಳು ಅಮ್ಮ.

"ಒಂದ್ಸಲ ಊರು ಬಿಡಿಸಿದ್ಮೇಲೆ ಯಾರನ್ನಾದ್ರೂ ಅದೇ ಊರಿಗೆ ವಾಪಸ್ ಬಿಟ್ಟದ್ದು ನೋಡಿದೀಯಾ ನೀನು? ಎಲ್ಲಿ ಕಾಡು ಇದೆಯೋ ಅಲ್ಲಿ ತಂದು ಸುರೀತಾರೆ. ಕಾಡು ಎಲ್ಲಿದೆ? ಇಲ್ಲಿದೆ."

ಅದಾದ ಮೇಲೆ ಬದನೆ ಗಿಡದ ಹತ್ತಿರ ಯಾವ ಮಂಗ ಕಂಡರೂ ಅಪ್ಪಯ್ಯ ಅದನ್ನು ನಿಂತು ನೋಡುತ್ತಿದ್ದರು. ಊರಿನದಾದರೆ ಕಲ್ಲು ಬೀಸುತ್ತಿದ್ದರು. ಮುಖ ಸ್ವಲ್ಪ ಕೆಂಪಗಿದ್ದು, ಗತ್ತಿನಲ್ಲಿ ಕೂತಿದ್ದರೆ, "ಇದು ವಿಮಾನ ತಪ್ಪಿದ್ದು" ಎಂದು ಸುಮ್ಮನೆ ಬಿಡುತ್ತಿದ್ದರು. ಪಾಪ, ಅದೂ ನಿರಾಶ್ರಿತ ಅಂತ. ಆ ವರ್ಷ ನಮಗೆ ಒಂದು ಬದನೆಕಾಯಿಯೂ ಸಿಗಲಿಲ್ಲ.

ಆಕಾಶದಿಂದ ದೊಡ್ಡದೊಂದು ಯಂತ್ರ ಕಳಚಿ ಭೂಮಿಗೆ ಬೀಳುತ್ತದೆ ಎಂಬ ಸುದ್ದಿ ಬಂದಾಗ ಊರಲ್ಲೆಲ್ಲ ಹೆದರಿಕೆ ಎದ್ದು ತಣ್ಣಗಾಗಿಯೂ ಆಗಿತ್ತು. ನಮ್ಮ ಮನೆಗೆ ಅದು ತಲುಪಿದ್ದು ಆಮೇಲೆ, ಕೊತ್ತಂಬರಿ ಬೀಜದ ಜೊತೆ. ಅಪ್ಪಯ್ಯ ಅಡಿಕೆ ಹಾಳೆಯ ಟೋಪಿ ಹಾಕಿಕೊಂಡು, ಅದರೊಳಗೆ ಹಳೆಯ ಹಿತ್ತಾಳೆ ತಟ್ಟೆ ಕೂರಿಸಿಕೊಂಡು ಗದ್ದೆಗೆ ಹೋಗತೊಡಗಿದರು. ಶಾಲೆಯ ಮೇಷ್ಟ್ರು ದಾರಿಯಲ್ಲಿ ನಿಲ್ಲಿಸಿ, ಅದು ಬಿದ್ದು ಎಷ್ಟೋ ಕಾಲವಾಯಿತು, ಎಲ್ಲೋ ಸಮುದ್ರದ ಕಡೆ ಬಿತ್ತು ಎಂದು ತಿಳಿಸಿ ಹೇಳಿದರು. ಅಪ್ಪಯ್ಯ ಪೂರ್ತಿ ಕೇಳಿಸಿಕೊಂಡು, "ಒಂದು ಬಿತ್ತು ಅಂತ ಹೇಳಿದ್ರು ಮೇಷ್ಟ್ರೇ. ಮೇಲೆ ಎಷ್ಟಿದಾವೆ ಅಂತ ಹೇಳಿದ್ರಾ?" ಎಂದು ಕೇಳಿದರು. ಆಮೇಲೆ ಮೇಷ್ಟ್ರೂ ನಡೆಯುವಾಗ ಆಗಾಗ ಮೇಲೆ ನೋಡುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೀಗೆ ಕಾಲ ಹೋಗುತ್ತಿರುವಾಗ ಒಣಮೆಣಸಿನ ಪೊಟ್ಟಣದಲ್ಲಿ ಅಣೆಕಟ್ಟು ಬಂತು.

ತಲೆಬರಹ ಪೂರ್ತಿ ಇತ್ತು: ಮತ್ತೊಂದು ಅಣೆಕಟ್ಟೆಗೆ ಸ್ಥಳ ಸಮೀಕ್ಷೆ. ಅದರ ಕೆಳಗೆ ಮಲೆನಾಡಿನ ಯಾವುದೋ ಹೊಳೆ, ಘಟ್ಟದ ಅಂಚು ಎಂದು ಎರಡು ಸಾಲು. ಊರುಗಳ ಹೆಸರು ಬರಬೇಕಾದ ಕಡೆ ಪೇಪರ್ ಹರಿದಿತ್ತು. ಅಪ್ಪಯ್ಯ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಹಿಂಬದಿಯಲ್ಲಿ ಹಲ್ಲಿನ ಪುಡಿಯ ಜಾಹೀರಾತು, ಒಬ್ಬಳು ಹೆಂಗಸು ಹಲ್ಲು ಕಿಸಿಯುತ್ತಿದ್ದಳು. "ನೋಡು, ನಮ್ಮನ್ನ ಕಂಡು ನಗ್ತಾಳೆ," ಅಂದರು. ಆ ರಾತ್ರಿ ಅವರಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಎಲೆ ಅಡಿಕೆಯನ್ನೂ ಮುಟ್ಟದೆ, ಆ ಪೇಪರನ್ನು ತಲೆದಿಂಬಿನ ಅಡಿಗಿಟ್ಟುಕೊಂಡು ಮಲಗಿದರು.

ಬೆಳಿಗ್ಗೆ ಅಂಗಡಿಯವನ ಹತ್ತಿರ ಹೋದೆವು. ಉಳಿದ ಅರ್ಧ ಎಲ್ಲಿ ಎಂದು ಅಪ್ಪಯ್ಯ ಕೇಳಿದರೆ ಅವನು ತಲೆ ಕೆರೆದುಕೊಂಡ. "ಯಾರ ಮನೆ ಜೀರಿಗೆ ಕಟ್ಟಿದ್ನೋ ಏನೋ ಮಾರಾಯ್ರೇ. ಒಲೆಗೆ ಹೋಗಿರ್ತದೆ." ಅವನಿಗೆ ರದ್ದಿ ಬರುವುದು ತೀರ್ಥಹಳ್ಳಿಯ ಒಬ್ಬ ವಕೀಲರ ಮನೆಯಿಂದ ಎಂದು ಬಾಯಿ ಬಿಡಿಸಿದ ಅಪ್ಪಯ್ಯ, ನನ್ನನ್ನೂ ಎಳೆದುಕೊಂಡು ತೀರ್ಥಹಳ್ಳಿ ಬಸ್ಸು ಹತ್ತಿದರು. ಓದಲು ಚುರುಕು ಕಣ್ಣು ಬೇಕಲ್ಲ, ಅದಕ್ಕೆ ಮಗಳು ನಾನು.

ವಕೀಲರು ಒಳ್ಳೆಯ ಮನುಷ್ಯ, ಕೂರಲು ಹೇಳಿ ಕಾಫಿ ಕೊಡಿಸಿದರು. "ಯಾವ ತಾರೀಖಿಂದು?" ಅಂತ ಕೇಳಿದರು.

"ತಾರೀಖು ಇಲ್ಲ ಸ್ವಾಮಿ. ಮೇಲ್ಗಡೆ ಅಣೆಕಟ್ಟು, ಹಿಂದ್ಗಡೆ ಹಲ್ಲು ಕಿಸಿಯೋ ಹೆಂಗಸು."

ವಕೀಲರು ನಕ್ಕರು. "ಅಣೆಕಟ್ಟಿನ ಸುದ್ದಿ ಎಂಥದ್ದು ಹುಡುಕೋದು? ಅದು ದಿನಾ ಬರ್ತದೆ."

ಅಯ್ಯೋ, ಆ ಪುಣ್ಯಾತ್ಮ ಸಮಾಧಾನ ಹೇಳಲು ಹೋಗಿ ಬೆಂಕಿಗೆ ಎಣ್ಣೆ ಸುರಿದರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅಪ್ಪಯ್ಯ ಒಂದೇ ಮಾತು: "ದಿನಾ ಬರ್ತದಂತೆ ಮಗಾ. ಕೇಳ್ದ್ಯಾ? ದಿನಾ." ಕಿಟಕಿಯಿಂದ ಕಂಡ ಪ್ರತಿ ಹಳ್ಳವನ್ನೂ ಇದು ಎಷ್ಟು ಏರಬಹುದು ಎಂದು ಅಳೆಯುತ್ತ ಬಂದರು.

ಅದಾಗಿ ಕೆಲವು ದಿನಕ್ಕೆ, ಹಳ್ಳಕ್ಕೆ ಇಳಿಯುವ ದಾರಿಯ ದೊಡ್ಡ ಬಂಡೆಯ ಮೇಲೆ ಒಂದು ಬಿಳಿ ಗುರುತು ಕಂಡಿತು. ಒಂದು ದುಂಡನೆಯ ಚುಕ್ಕೆ, ಅದರ ಮೇಲೊಂದು ಅಡ್ಡಗೀಟು. ಹಳೆಯ ಊರಿನಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ತೋರಿಸಲು ಸರ್ವೆಯವರು ಕಲ್ಲಿಗೆ ಸುಣ್ಣ ಬಳಿದು ಹೋಗುತ್ತಿದ್ದರಂತೆ. ಅಪ್ಪಯ್ಯ ಬಂಡೆಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಬಹಳ ಹೊತ್ತು ಏಳಲಿಲ್ಲ. ಅಮ್ಮ ನೀರು ಹೊತ್ತು ಬಂದವಳು ಅಲ್ಲೇ ಕೊಡಪಾನ ಇಳಿಸಿದಳು.

"ಹೋಯ್, ಮುಳುಗೋದು ಖಾಯಂ ಅಂತೀರಾ?"

"ಖಾಯಂ."

"ಸರ್ವೆಯವ್ರು ಮನೆ ಬಾಗಿಲಿಗೆ ಬರೋದು?"

"ಬಂದೇ ಬರ್ತಾರೆ. ಇಲ್ಲಿವರೆಗೆ ಬಂದು ಹೋಗಿದಾರೆ, ಕಾಣಲ್ವಾ?"

"ಹೋದ್ಸಲ ನಮ್ಮ ಬಾವಿ ಯಾಕೆ ಲೆಕ್ಕಕ್ಕೆ ಬರ್ಲಿಲ್ಲ?"

ಅಪ್ಪಯ್ಯ ತಲೆ ಎತ್ತಿದರು. "ತೋಡಿದ್ದು ತಡ ಆಯ್ತು."

"ಹಂಗಾದ್ರೆ ಈ ಸಲವೂ ತಡ ಮಾಡಿ. ಅವ್ರು ಬಂದು ಮನೆ ಬರ್ಕೊಂಡು ಹೋಗ್ಲಿ, ಆಮೇಲೆ ತಲೆ ಮೇಲೆ ಕೈ ಹೊತ್ಕೊಂಡು ಕೂತ್ಕೊಳ್ಳಿ." ಇಷ್ಟು ಹೇಳಿ ಅಮ್ಮ ಕೊಡಪಾನ ಎತ್ತಿ ತಲೆಯ ಮೇಲಿಟ್ಟುಕೊಂಡು ತಿರುಗಿ ನೋಡದೆ ಹತ್ತಿಹೋದಳು.

ಮುಳುಗಿಸುವುದಕ್ಕೆಂದು ಬಾವಿ ತೋಡಿದವರು ಈ ಲೋಕದಲ್ಲಿ ನಾವೊಬ್ಬರೇ ಇರಬೇಕು. ಮರುವಾರವೇ ಆಳುಗಳು ಬಂದರು. ಅಪ್ಪಯ್ಯ ಅವರ ಬೆನ್ನಿಗೆ ಬಿದ್ದರು: ಬೇಗ, ಬೇಗ, ಅವರು ಬರುವುದರೊಳಗೆ ನೀರು ಕಾಣಬೇಕು. ಯಾರು ಬರುವುದು ಎಂದು ಆಳುಗಳು ಕೇಳಿದರೆ ಹೇಳುತ್ತಿರಲಿಲ್ಲ. ಆಳುಗಳ ಮೇಲೂ ಅನುಮಾನ. ಅಮ್ಮನ ಮೇಲೂ ಅನುಮಾನ ಬಂದಿರಬೇಕು, ಯಾಕೆಂದರೆ ಒಂದು ದಿನ ಅವಳ ಎಲೆಯಡಿಕೆ ತಟ್ಟೆಯನ್ನು ಮುಂದಿಟ್ಟುಕೊಂಡು, ಸುಣ್ಣದ ಡಬ್ಬಿ ತೆಗೆದು ನೋಡುತ್ತ ಕೂತಿದ್ದರು. ಡಬ್ಬಿ ಖಾಲಿಯಾಗಿತ್ತು. ನನಗಂತೂ ಇವತ್ತಿಗೂ ಆ ಬಂಡೆಯ ಗುರುತಿನ ಬಗ್ಗೆ ಅನುಮಾನವಿದೆ. ಎಷ್ಟೋ ವರ್ಷದ ಮೇಲೆ ಅಮ್ಮನನ್ನು ನೇರವಾಗಿ ಕೇಳಿದೆ. "ಯಾವುದೋ ಹಕ್ಕಿ ಹಿಕ್ಕೆ ಇರ್ಬೇಕು ಮಾರಾಯ್ತಿ," ಅಂದಳು. ಅಡ್ಡಗೀಟು ಎಳೆಯುವ ಹಕ್ಕಿಯನ್ನು ನಾನು ಇನ್ನೂ ನೋಡಿಲ್ಲ.

ನೀರು ಬಂತು. ಕಲ್ಲಿನ ಸಂದಿಯಿಂದ ಒಂದೇ ಸಮನೆ ಬಂದ ತಣ್ಣನೆಯ ನೀರು. ಅಮ್ಮ ಮೊದಲ ಕೊಡಪಾನ ಸೇದಿ, ಬಗ್ಗಿ ಮುಖ ತೊಳೆದುಕೊಂಡು, ಸೆರಗಿನಲ್ಲಿ ಒರೆಸಿಕೊಳ್ಳದೆ ಹಾಗೇ ಬಾವಿಕಟ್ಟೆಯ ಮೇಲೆ ಕೂತಳು. ಅಳುತ್ತಿದ್ದಳೋ ನೀರೋ ಗೊತ್ತಾಗಲಿಲ್ಲ. ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಕೊಟ್ಟಿಗೆಯ ಕರುವಿಗೂ ಎರಡು ಸಲ ಸ್ನಾನ ಮಾಡಿಸಿದೆ. ಅಪ್ಪಯ್ಯ ಮಾತ್ರ ಬೆನ್ನು ತಿರುಗಿಸಿ ದಾರಿಯನ್ನೇ ನೋಡುತ್ತ ನಿಂತಿದ್ದರು.

ಆಮೇಲೆ ಶುರುವಾಯಿತು ಕಾಯುವುದು. ಮೊದಲೆಲ್ಲ ಸರ್ವೆಯವರು ಬಂದಾರು ಎಂಬ ಹೆದರಿಕೆ, ಈಗ ಯಾಕೆ ಬರಲಿಲ್ಲ ಎಂಬ ಅನುಮಾನ. ಕೈಯಲ್ಲಿ ಟೇಪು ಹಿಡಿದವರು ಯಾರು ಕಂಡರೂ ಅಪ್ಪಯ್ಯ ಮನೆಗೆ ಕರೆತರುತ್ತಿದ್ದರು. ಒಬ್ಬ ಕರೆಂಟ್ ಕಂಬ ನೆಡಲು ಜಾಗ ಅಳೆಯಲು ಬಂದಿದ್ದ. ಅವನನ್ನು ಕೈ ಹಿಡಿದು ಬಾವಿಯ ಹತ್ತಿರ ಒಯ್ದು, "ಇದನ್ನ ಮೊದ್ಲು ಬರ್ಕೊಳ್ಳಿ" ಎಂದರು. ಅವನು ಕಣ್ಣು ಕಣ್ಣು ಬಿಟ್ಟ. "ಬಾವಿಗೆ ಕರೆಂಟು ಎಂತಕೆ ಯಜಮಾನ್ರೇ?" ಅಪ್ಪಯ್ಯ ನನ್ನ ಕಡೆ ನೋಡಿ, ಹೇಗೆ ನಾಟಕ ಆಡ್ತಾನೆ ನೋಡು ಎಂಬಂತೆ ತಲೆಯಾಡಿಸಿದರು. ಅವನು ಒಂದು ಚೊಂಬು ನೀರು ಕುಡಿದು ಹೋದ. ನಮಗೆ ಕಂಬವೂ ಬರಲಿಲ್ಲ.

ನನ್ನನ್ನು ಸಾಗರಕ್ಕೆ ಮದುವೆ ಮಾಡಿ ಕೊಟ್ಟರು. ಗಂಡನ ಮನೆಗೆ ದಿನಾ ಪೇಪರ್ ಬರುತ್ತಿತ್ತು. ನಾನು ಓದುತ್ತಿದ್ದೆ, ಅಪ್ಪಯ್ಯನಿಗೆ ಮಾತ್ರ ಹೇಳುತ್ತಿರಲಿಲ್ಲ. ಅಣೆಕಟ್ಟು ನಿಜಕ್ಕೂ ಬಂದಿತ್ತು. ಸಮೀಕ್ಷೆ ನಡೆದದ್ದು ನಿಜ, ಕಟ್ಟಿದ್ದು ನಿಜ. ಆದರೆ ನಮ್ಮ ಕಡೆಗಲ್ಲ, ಘಟ್ಟದ ಅಂಚಿಗೆ. ಮುಳುಗಿದ್ದು ನಾವು ಒಮ್ಮೆಯೂ ನೋಡದ ಹಳ್ಳಿಗಳು. ಓದಿದಾಗ ನನಗೆ ಹಾಯೆನಿಸಿತು. ಸುಳ್ಳು ಹೇಳುವುದೇಕೆ, ಅವತ್ತು ಸಿಹಿ ಮಾಡಿದೆ.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಮಗುವನ್ನು ಕಟ್ಟಿಕೊಂಡು ತವರಿಗೆ ಹೋದಾಗ, ನಮ್ಮ ಮನೆಯಾಚೆಯ ಇಳಿಜಾರಿನಲ್ಲಿ ಹೊಸ ಗುಡಿಸಲು ಎದ್ದಿತ್ತು. ಪಕ್ಕದಲ್ಲಿ ಮಂಚ, ಒರಳು, ಬಾಗಿಲಿಲ್ಲದ ಬಾಗಿಲುವಾಡ ಬಯಲಲ್ಲಿ ಬಿದ್ದಿದ್ದವು. ಅಪ್ಪಯ್ಯ ಎರಡು ದಿನದಿಂದ ಜಗಲಿಯಲ್ಲಿ ಕೂತು ಆ ಕಡೆಯೇ ಕಣ್ಣಿಟ್ಟಿದ್ದರಂತೆ. "ಯಾರೋ ಏನೋ. ಹೇಳದೆ ಕೇಳದೆ ಬಂದಿದಾರೆ," ಎಂದು ಗೊಣಗಿದರು. ಮಾರನೆಯ ದಿನ ಬೆಳಿಗ್ಗೆ ಗಂಡಹೆಂಡತಿ ಇಬ್ಬರೂ ಖಾಲಿ ಕೊಡಪಾನ ಹಿಡಿದು ನಮ್ಮ ಅಂಗಳಕ್ಕೆ ಬಂದರು. ಹಳ್ಳದಲ್ಲಿ ನೀರಿರಲಿಲ್ಲ.

"ಯಾವ ಕಡೆಯವ್ರು?" ಅಪ್ಪಯ್ಯ ಕೂತಲ್ಲಿಂದ ಏಳಲಿಲ್ಲ.

"ಘಟ್ಟದ ಅಂಚಿನವ್ರು ಅಯ್ಯಾ. ಮುಳುಗಡೆಯವ್ರು."

ಅಪ್ಪಯ್ಯ ಎದ್ದರು. ಅಮ್ಮ ಆಗಲೇ ಬಾವಿಗೆ ಹಗ್ಗ ಇಳಿಸಿದ್ದಳು. ಆ ಹೆಂಗಸು ಮೊದಲ ಚೊಂಬು ನೀರನ್ನು ನಿಂತಲ್ಲೇ ಗಟಗಟ ಕುಡಿದಳು. ಅಪ್ಪಯ್ಯ ಹತ್ತಿರ ಹೋಗಿ ಆ ಗಂಡಸನ್ನು ಕೇಳಿದರು. "ನಿಮಗೆ ಯಾವಾಗ ಗೊತ್ತಾಯ್ತು?"

"ಕಲ್ಲಿಗೆ ಗುರುತು ಹಾಕೋಕೆ ಬಂದ್ರಲ್ಲ, ಆವಾಗ."

"ಅದಕ್ಕೂ ಮೊದ್ಲು ಪೇಪರಲ್ಲಿ ಬಂದಿತ್ತು," ಅಂದರು ಅಪ್ಪಯ್ಯ. "ನಾನು ಓದಿದ್ದೆ. ನಮ್ಮದು ಅಂದ್ಕೊಂಡೆ."

ಈಗ ಭಾಷಣ ಶುರುವಾಗುತ್ತದೆ ಎಂದು ನನಗೆ ಹೆದರಿಕೆಯಾಯಿತು. ಇಷ್ಟು ವರ್ಷ ಕಾದು ಕೊನೆಗೂ ಅವರ ಅನುಮಾನ ನಿಜವಾಗಿತ್ತಲ್ಲ, ಬಿಡುತ್ತಾರಾ? ಅಮ್ಮನೂ ಸೇದುವುದನ್ನು ನಿಲ್ಲಿಸಿ ಅವರನ್ನೇ ದುರುಗುಟ್ಟಿ ನೋಡಿದಳು. ಆದರೆ ಆ ಮನುಷ್ಯ ಒಂದು ಹೆಜ್ಜೆ ಮುಂದೆ ಬಂದಿದ್ದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ಏನೋ ಒಂದು ಆಸೆಯಿತ್ತು.

"ಪೇಪರಲ್ಲಿ ಬಂದಿತ್ತಾ? ನಮ್ಮೂರ ಹೆಸ್ರು ಹಾಕಿದ್ರಾ?"

ಅಪ್ಪಯ್ಯ ಅಮ್ಮನ ಕಡೆ ನೋಡಿದರು. ಹೆಸರಿದ್ದ ಜಾಗವೇ ಹರಿದು ಹೋಗಿತ್ತು ಎಂಬುದು ಅಮ್ಮನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು.

"ಹಾಕಿದ್ರು," ಅಂದರು. "ದಪ್ಪ ಅಕ್ಷರದಲ್ಲೇ ಹಾಕಿದ್ರು."

ಆ ಮನುಷ್ಯ ಹೆಂಡತಿಯ ಕಡೆ ತಿರುಗಿದ. "ಕೇಳ್ದ್ಯಾ? ನಮ್ಮೂರ ಹೆಸ್ರು ಪೇಪರಲ್ಲಿ ಬಂದಿತ್ತಂತೆ." ಆಮೇಲೆ ಮತ್ತೆ ಅಪ್ಪಯ್ಯನ ಕಡೆ ನೋಡಿ, ಸ್ವಲ್ಪ ನಾಚಿಕೊಂಡೇ ಕೇಳಿದ: "ಸರಿಯಾಗಿ ಬರ್ದಿದ್ರಾ ಅಯ್ಯಾ? ಹೊರಗಿನವ್ರು ಯಾವಾಗ್ಲೂ ತಪ್ಪೇ ಬರೀತಾರೆ."

"ಸರಿಯಾಗೇ ಬರ್ದಿದ್ರು," ಅಂದರು ಅಪ್ಪಯ್ಯ, ಅಮ್ಮನ ಕೈಯಿಂದ ಹಗ್ಗ ತೆಗೆದುಕೊಳ್ಳುತ್ತ. ಅವರು ಆ ಊರಿನ ಹೆಸರನ್ನು ಇನ್ನೂ ಕೇಳಿರಲಿಲ್ಲ.